ಅಂಜಬ್ಯಾಡ್ರಿ ತಂಗಿ

ಬಸ್ಸಿಳಿದು ಓಡಿಬಂದ ಹೆಂಗಸೊಬ್ಬಳು ಗೋಡೆಗಾನಿಸಿ ಕೂಡ್ರಿಸಿದ್ದ ಕಳಕಪ್ಪನ ಹೆಣದ ಕಾಲಿಗೆ ದೊಪ್ಪನೆ ಬಿದ್ದಳು. "ಅಣ್ಣಾ, ನಿನ್ನ ಮಾರಿ ನೋಡೂದಕ್ಕ ಮೊದಲ ಹೋದ್ಯಲ್ಲೋ!"

ಇಳಕಲ್ಲಿನ ಆ ನೇಕಾರರ ಓಣಿಯಲ್ಲಿ ಯಾರೂ ಆಕೆಯನ್ನು ಕಂಡಿರಲಿಲ್ಲ. ಹೆಣದ ಮಗ್ಗುಲಲ್ಲಿದ್ದ ಹೆಂಡತಿ ಶಿವಲಿಂಗವ್ವ ತಲೆಯೆತ್ತಿ ನೋಡಿದಳು.

"ಯಾರವ್ವಾ ನೀ?" ಅತ್ತೆ ಸಕ್ರವ್ವ ಕೇಳಿದಳು.

"ಬಾದಾಮಿ ಕಡೆಯಾಕಿರಿ, ಮಹಾದೇವಿ. ಠಾಣೆದವರು ಸುದ್ದಿ ಹೇಳಿದ್ರು. ಹೋದ ವರ್ಷ ನನ್ನ ಗಂಡ ಕೊಡ್ಲಿ ತಗೊಂಡು ಬಂದಿದ್ದ. ಒಳಗ ಚಿಲಕಾ ಹಾಕ್ಕೊಂಡು ಪೊಲೀಸರಿಗೆ ಫೋನ್ ಹಚ್ಚಿದೆ. ಬಾಗಲಕೋಟಿ ಕಂಟ್ರೋಲ್ ರೂಮಿನ್ಯಾಗ ಎತ್ತಿದಾವ ಇವನ. ಬಾಗಲಾ ಸೀಳಿ ಕೊಡ್ಲಿ ಒಳಗ ಬರಾಕತ್ತಿತ್ತು. 'ಅಂಜಬ್ಯಾಡ್ರಿ ತಂಗಿ, ಜೀಪ್ ಹೊಂಟೈತಿ, ನಾ ಅದೇನಿ' ಅಂತ ಅವರು ಬರೂತನಕಾ ಮಾತಾಡಿದ. ತಲಿಗೆ ಹನ್ನೊಂದು ಹೊಲಿಗಿ ಬಿದ್ದುವು. ಜೀವ ಉಳೀತು."

ಸಕ್ರವ್ವ ಎದೆ ಬಡಿದುಕೊಂಡಳು. "ಇರಿವಿ ಸೈತ ತುಳದಾವ ಅಲ್ಲ ನನ್ನ ಮಗಾ!"

ಶಿವಲಿಂಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳು ತಡೆಯುತ್ತಿದ್ದಾಳೆ ಅಂದುಕೊಂಡರು ಜನ.

*

ದಿನಕ್ಕೆ ಎಂಟು ತಾಸು ಮಂದಿಯ ಚೀರಾಟ ಕೇಳಿ ಬರುತ್ತಿದ್ದ ಕಳಕಪ್ಪನಿಗೆ ಬಾಗಲಕೋಟೆಯ ಮನೆಯಲ್ಲಿ ಒಂದು ತಾಟಿನ ಸಪ್ಪಳವೂ ಆಗಿಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಶಿವಲಿಂಗವ್ವನ ಕೈಜಾರಿ ಕೊಡ ಬಿತ್ತು. ಅವನು ಆ ಕೈಯನ್ನೇ ಹೊಸ್ತಿಲಿಗೆ ಒತ್ತಿ ಹಿಡಿದು ರುಬ್ಬುವ ಗುಂಡುಕಲ್ಲಿನಿಂದ ಜಜ್ಜಿದ. ಎಲುಬು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ರಕ್ತ ಸಿಡಿದ ಅಂಗಿ ಬದಲಿಸಿ ಡ್ಯೂಟಿಗೆ ಹೋದ.

ಆಕೆ ನೆರೆಮನೆಯ ಫೋನಿನಿಂದ ಪೊಲೀಸರ ನಂಬರು ಒತ್ತಿದಳು. ಮಾತು ಹೊರಡಲಿಲ್ಲ, ಬಿಕ್ಕಿದಳು.

"ಅಂಜಬ್ಯಾಡ್ರಿ ತಂಗಿ. ಯಾರಾರ ಹೊಡದಾರೇನು? ಮನಿ ಎಲ್ಲೈತಿ?"

ಹತ್ತು ವರ್ಷದ ಸಂಸಾರದಲ್ಲಿ ಅಷ್ಟು ಮೆತ್ತಗಿನ ದನಿ ಆಕೆ ಕೇಳಿರಲಿಲ್ಲ. ಅದು ಗಂಡನದೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಅವನಿಗೆ ಆಕೆಯ ಅಳು ಗುರುತು ಸಿಗಲೇ ಇಲ್ಲ. ಸಮಾಧಾನ ಹೇಳುತ್ತಲೇ ಇದ್ದ. ಆಕೆ ಫೋನಿಡದೆ, ಉಸಿರು ಬಿಗಿಹಿಡಿದು ಕೇಳುತ್ತಲೇ ಇದ್ದಳು.

*

"ಹೊತ್ತಾತು, ಬಳಿ ತಗೀರಿ," ಹಿರಿಯರೊಬ್ಬರು ಅಂದರು.

ಸಕ್ರವ್ವ ಸೊಸೆಯ ಎಡಗೈ ಎಳೆದಳು. ಸೊಟ್ಟಗೆ ಕೂಡಿದ್ದ ಮಣಿಕಟ್ಟನ್ನು ದಾಟಿ, ಎಲುಬು ಮುರಿಯುವ ಮೊದಲು ತೊಟ್ಟಿದ್ದ ಬಳೆ ಬರಲಿಲ್ಲ.

"ಇದೇನಾಗೇತಿ ಯಕ್ಕಾ?" ಮಹಾದೇವಿ ಕೇಳಿದಳು.

"ಬಿದ್ದಿದ್ಲು," ಸಕ್ರವ್ವ ಗಡಿಬಿಡಿಯಿಂದ ಅಂದಳು.

"ಬಿದ್ದಿಲ್ಲ," ಶಿವಲಿಂಗವ್ವ ಸೆರಗು ತೆಗೆದು ಅಂದಳು. "ಗುಂಡುಕಲ್ಲಿಲೆ ಹೊಡದಿದ್ದ. ನಿಮ್ಮ ಅಣ್ಣ."

ಮಹಾದೇವಿ ಹೆಣದ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಬಂದು, ಅದಕ್ಕೆ ಬೆನ್ನು ಮಾಡಿ, ಶಿವಲಿಂಗವ್ವನ ಮಗ್ಗುಲಿಗೆ ಕೂತಳು.