ಬಿದಿರು ನೆಲದ ಸಂದಿ

ಐದು ತಿಂಗಳ ಬಸುರಿ ವಿಲೈಯ ಮಣಿಕಟ್ಟಿಗೆ ಹಾರೈಕೆಯ ಬಿಳಿ ದಾರ ಕಟ್ಟಿದ್ದಾಯಿತು. ಇನ್ನು ಅಕ್ಕಿ ಸಾರಾಯಿಯ ಸುತ್ತು. ಇರುವುದು ಒಂದೇ ಲೋಟ, ಅದು ಕೂತವರೆಲ್ಲರ ಕೈ ದಾಟಿ ಬರಬೇಕು; ಬೇಡವೆಂದರೆ ಹಾರೈಕೆಯನ್ನೇ ಒದ್ದಂತೆ.

"ಒಂದು ಗುಟುಕಮ್ಮ, ಮಗು ಗಟ್ಟಿಮುಟ್ಟಾಗತ್ತೆ," ಎಂದು ಗಂಡನ ದೊಡ್ಡಪ್ಪ ಥೊಂಗ್ಸಾ ಲೋಟ ನೀಡಿದರು.

ಒಂದು ಹನಿಯೂ ಕೂಡದೆಂದು ದಾದಿ ಹೇಳಿದ್ದಳು. ಮೊದಲ ಬಸಿರು ಇಳಿದುಹೋದ ಮೇಲೆ ವಿಲೈಗೆ ನೆರಳು ಕಂಡರೂ ಭಯ. ಆದರೆ ಹಿರಿಯರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುವುದೆಂತು? ಎಲ್ಲರೂ ನಗುತ್ತಿದ್ದಾಗ ಲೋಟವನ್ನು ಬಿದಿರು ನೆಲದ ಸಂದಿಗೆ ಮೆಲ್ಲನೆ ಬಗ್ಗಿಸಿದಳು.

"ಅಯ್ಯಯ್ಯೋ!" ಕೆಳಗಿನಿಂದ ಕೂಗು ಕೇಳಿಸಿತು. ಮನೆಯನ್ನು ಎತ್ತರದಲ್ಲಿ ಹೊತ್ತ ಕಂಬಗಳ ನಡುವೆ ಹಂದಿಗೆ ತೌಡು ಹಾಕುತ್ತಿದ್ದ ಅತ್ತೆ ಬುನ್ಮಾಳ ತಲೆ ನೆಂದಿತ್ತು.

ಏಣಿ ಕಿರುಗುಟ್ಟಿತು. ತುರುಬಿನಿಂದ ಸಾರಾಯಿ ತೊಟ್ಟಿಕ್ಕಿಸುತ್ತಾ ಬಂದ ಅತ್ತೆ, ಸೊಸೆಯ ಕೈಯ ಖಾಲಿ ಲೋಟ ನೋಡಿದಳು.

"ಏನೇ, ಬಾಯಿ ಇಲ್ವಾ ನಿನಗೆ? ಬೇಡ ಅನ್ನೋಕೆ ನನ್ನ ತಲೆನೇ ಬೇಕಿತ್ತಾ?"

"ತಪ್ಪಾಯ್ತು ಅತ್ತೆ... ಮಗೂಗೆ..."

"ಗೊತ್ತು ಬಿಡೇ. ನಿನ್ನ ಗಂಡ ಹೊಟ್ಟೇಲಿದ್ದಾಗ ನಾನೂ ಇದೇ ಸಂದಿಗೆ ಸುರೀತಿದ್ದೆ. ಕೆಳಗೆ ಹಂದಿ ತೂರಾಡ್ತಿತ್ತು, ಊರೋರು ಅದಕ್ಕೆ ದೆವ್ವ ಹಿಡಿದಿದೆ ಅಂದ್ರು!"

ಥೊಂಗ್ಸಾ ನಕ್ಕು ನಕ್ಕು ಕೆಮ್ಮಿದರು. "ಆ ಹಂದೀನ ಮಂತ್ರವಾದಿ ಹತ್ರ ಹೊತ್ಕೊಂಡು ಹೋಗಿದ್ದು ನಾನೇ ಕಣಮ್ಮ!"

"ನಗ್ಬೇಡಿ ಭಾವ, ಸುರೀರಿ. ಹೆರಿಗೆ ಆಗೋವರೆಗೂ ಇವಳ ಸರದಿ ನಂದು." ಥೊಂಗ್ಸಾ ತುಂಬಿಸಿದ ಲೋಟವನ್ನು ಅತ್ತೆ ಒಂದೇ ಗುಟುಕಿಗೆ ಬರಿದುಮಾಡಿದಳು.

ವಿಲೈ ಅತ್ತೆಯ ತಲೆ ಒರೆಸಲು ಬಟ್ಟೆ ತಂದಳು.