ಕಲ್ಲು ಹಿಡಿಯದ ಚಿಪ್ಪಿ

ಬದುಕಿದ್ದೀಯೋ ಸತ್ತಿದ್ದೀಯೋ ಎಂದು ಚಿಪ್ಪಿಯನ್ನು ಕೇಳುವ ಕ್ರಮ ಒಂದೇ, ಬೆರಳಿನಿಂದ ತಟ್ಟುವುದು. ಬಾಯಿ ಮುಚ್ಚಿಕೊಂಡರೆ ಬದುಕಿದೆ ಎಂದರ್ಥ. ಅನಸೂಯಾ ಕೊಚ್ಚಿಯ ಪ್ರಯೋಗಾಲಯದಲ್ಲಿ ಹೀಗೆ ತಟ್ಟುತ್ತಲೇ ಅರ್ಧ ಆಯುಷ್ಯ ಕಳೆದವಳು. ಹಡಗಿನ ತಳಕ್ಕೆ ಬಳಿದ ಬಣ್ಣದಿಂದ ತಾಮ್ರ ಕರಗಿ ಸಮುದ್ರ ಸೇರುತ್ತದೆ. ಎಷ್ಟು ಸೇರುವ ತನಕ ಜಲಚರಗಳಿಗೆ ಅಪಾಯವಿಲ್ಲ ಎಂಬ ಮಿತಿಯನ್ನು ಗೊತ್ತುಮಾಡುವುದು ಅವಳ ಕೆಲಸ. ಸೀಗಡಿ, ಮೀನುಮರಿ, ಪಾಚಿ ಎಲ್ಲದರ ಪರೀಕ್ಷೆ ಮುಗಿದು, ತಿರುವನಂತಪುರದ ಬಳಿಯ ವಿಳಿಂಜಂ ಕಡಲತೀರದಿಂದ ತಂದ ಕಂದು ಚಿಪ್ಪಿ ಮಾತ್ರ ಬಾಕಿ ಇತ್ತು. ತಿಂಗಳ ಕೊನೆಗೆ ಅವಳ ನಿವೃತ್ತಿ. ಮಿತಿಯನ್ನು ಕಣ್ಣಾರೆ ಕಂಡೇ ಮನೆಗೆ ಬರುತ್ತೇನೆಂದು ಗಂಡ ಉಪೇಂದ್ರನಿಗೆ ಹೇಳಿದ್ದಳು. ಅವನು ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಿಂದ ನಿವೃತ್ತನಾಗಿ ಅದೇ ಊರಿನ ಶ್ರೀಕಾರ್ಯಂ ಬಡಾವಣೆಯ ಮನೆಯಲ್ಲಿದ್ದ. ಮದುವೆಯಾದ ಕೆಲವೇ ವರ್ಷಕ್ಕೆ ಅವಳಿಗೆ ಕೊಚ್ಚಿಗೆ ವರ್ಗವಾಗಿ, ಅಂದಿನಿಂದ ಅವರದು ವಾರಾಂತ್ಯದ ಸಂಸಾರ.

"ಎಲ್ಲಾ ಜೀವಂತ ಅದಾವ್ರಿ ಮೇಡಂ," ಎಂದಳು ಸಹಾಯಕ ವಿಜ್ಞಾನಿ ಧನಶ್ರೀ. ಧಾರವಾಡದ ಹುಡುಗಿ, ಕೆಲಸದಲ್ಲಿ ಚುರುಕು. "ನಾಳೆ ತಿರುವನಂತಪುರದ ಮೀಟಿಂಗ್‌ನ್ಯಾಗ ಹೇಳಿ ಮುಗಿಸಿಬಿಡೋಣ್ರಿ."

ಅನಸೂಯಾ ತಾಮ್ರ ಬೆರೆಸಿದ ತೊಟ್ಟಿಗೆ ಕೈ ಹಾಕಿದಳು. ಚಿಪ್ಪಿಗಳು ಬುಟ್ಟಿಯಿಂದ ಹುಣಸೆಬೀಜ ಆರಿಸಿದಷ್ಟು ಸಲೀಸಾಗಿ ಕೈಗೆ ಬಂದವು. ಪಕ್ಕದ ಶುದ್ಧ ನೀರಿನ ತೊಟ್ಟಿಯಲ್ಲಿ ಒಂದನ್ನು ಎಳೆದು ನೋಡಿದಳು. ಅದು ತನ್ನ ನಾರುಗಳಿಂದ ಗಾಜಿಗೆ ಅಂಟಿಕೊಂಡು ಕೂತಿತ್ತು, ಏನು ಮಾಡಿದರೂ ಬರಲೊಲ್ಲದು.

ಅವಳಿಗೆ ಹಳೆಯ ವಿಳಿಂಜಂ ನೆನಪಾಯಿತು. ಹೊಸದಾಗಿ ಮದುವೆಯಾಗಿ ತಿರುವನಂತಪುರಕ್ಕೆ ಬಂದಾಗ ಭಾನುವಾರ ಇಬ್ಬರೂ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಆಗ ಅಲ್ಲಿ ದೊಡ್ಡ ಬಂದರು ಇರಲಿಲ್ಲ, ಮುಗಿಲೆತ್ತರದ ಕ್ರೇನುಗಳೂ ಇರಲಿಲ್ಲ. ತಾನು ಕಾಸರಗೋಡಿನ ಕಡಲಿನವಳು ಎಂಬ ಜಂಬದಲ್ಲಿ ಬರಿಗೈಯಲ್ಲಿ ಚಿಪ್ಪಿ ಕೀಳಲು ಹೋಗಿ, ಅಲೆ ಬಡಿದು, ಸೀರೆಸಮೇತ ಕುಕ್ಕರಿಸಿದ್ದಳು. ಚಿಪ್ಪಿ ಮಾತ್ರ ಕಲ್ಲಿನ ಮೇಲೆ ಮಹಾರಾಜನ ಹಾಗೆ ಕೂತೇ ಇತ್ತು. ಉಪೇಂದ್ರ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಬಸ್ಸಿನಲ್ಲಿ ಒದ್ದೆ ಸೀರೆಯ ಪಕ್ಕ ಒತ್ತಿ ಕೂತು ಮನೆ ತನಕವೂ ನಗುತ್ತಲೇ ಇದ್ದ. ಆ ದಿನಗಳು ಒಮ್ಮೆ ತಿರುಗಿ ಬಂದರೆ ಏನು ಬೇಕಾದರೂ ಕೊಟ್ಟೇನು ಎನ್ನಿಸಿತು ಅವಳಿಗೆ.

"ಇವು ಕಲ್ಲು ಹಿಡಿಯುದಿಲ್ಲ, ಧನಶ್ರೀ."

"ಆದ್ರ ಸತ್ತಿಲ್ಲಲ್ರಿ."

"ತೊಟ್ಟಿಯಲ್ಲಿ ಸತ್ತಿಲ್ಲ. ವಿಳಿಂಜಂನ ಅಲೆಗೆ ಬಿಟ್ಟರೆ ಕೊಚ್ಚಿಕೊಂಡು ಹೋಗ್ತವೆ ಮಾರಾಯ್ತಿ. ಎಂತ ಉಳಿಯುದಿಲ್ಲ."

ಬದುಕು ಸಾವು ಎರಡನ್ನೇ ಎಣಿಸುವ ಪದ್ಧತಿಯಲ್ಲಿ ಹಿಡಿತದ ಲೆಕ್ಕ ಯಾರೂ ಇಟ್ಟಿರಲಿಲ್ಲ, ಅವಳೂ ಇಟ್ಟಿರಲಿಲ್ಲ. ಈಗ ಸುಮ್ಮನಿದ್ದರೆ ಯಾರೂ ಕೇಳುವವರಿಲ್ಲ, ಮಿತಿ ನಾಳೆಯೇ ನಿಗದಿಯಾಗುತ್ತದೆ. ಬಾಯಿ ಬಿಟ್ಟರೆ ಕೈಗೆ ಬಂದ ತುತ್ತು ಬಾಯಿಗೆ ಬಾರದು. ಮರುದಿನ ರೈಲಿನಲ್ಲಿ ಕೂತು ಅವಳು ತಿರುವನಂತಪುರದ ತನಕವೂ ತನ್ನ ಜೊತೆ ತಾನೇ ಜಗಳವಾಡಿದಳು. ಗೆದ್ದವರು ಯಾರೆಂದು ಸಭೆಯಲ್ಲಿ ಎದ್ದು ನಿಂತಾಗಲೇ ತಿಳಿದದ್ದು.

"ಈ ಮಿತಿ ಸುರಕ್ಷಿತ ಅಲ್ಲ. ಚಿಪ್ಪಿಯ ಪರೀಕ್ಷೆ ಇನ್ನೊಮ್ಮೆ ಆಗಬೇಕು," ಎಂದಳು.

ಮಿತಿ ನಿಗದಿಮಾಡುವ ಸಮಿತಿಯ ಅಧ್ಯಕ್ಷ ಧರಣೇಂದ್ರ ಕಾರ್ಕಳದವರು, ಅವಳನ್ನು ಬಹಳ ಕಾಲದಿಂದ ಬಲ್ಲವರು. ಸಭೆ ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದರು. "ಮಳೆಗಾಲ ಹತ್ತಿರ ಬಂತು. ಇನ್ನು ಕಡಲಿನ ಅಬ್ಬರ ಇಳಿದ ಮೇಲೆಯೇ ಚಿಪ್ಪಿ ಸಿಗುದು. ಅಷ್ಟರಲ್ಲಿ ನೀವು ಇರುದಿಲ್ಲ."

"ಗೊತ್ತುಂಟು ಸರ್. ಧನಶ್ರೀ ಮಾಡ್ತಾಳೆ."

ಗಟ್ಟಿಯಾಗಿಯೇ ಹೇಳಿದಳು. ಮೆಟ್ಟಿಲಿಳಿದು ಬಂದಳು. ಹೊರಗೆ ಉಪೇಂದ್ರ ಕಾರು ತಂದು ಕಾಯುತ್ತಿದ್ದ.

"ಮಿತಿ ಎಷ್ಟು ಅಂತ ಆಯ್ತು?"

"ಆಗ್ಲಿಲ್ಲ," ಎಂದಳು ಸೀಟಿನಲ್ಲಿ ಕುಸಿದು. "ಅದು ಆಗುವಾಗ ನಾನು ಅಲ್ಲಿ ಇರುದೇ ಇಲ್ಲ."

ಉಪೇಂದ್ರ ಕೀಲಿ ತಿರುಗಿಸಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ದಿನವೂ, ಒಬ್ಬನೇ ಇರಲು ಬೇಸರ ಎಂದು ಅವನ ಬಾಯಿಂದ ಬಂದದ್ದಿಲ್ಲ.

"ಇಲ್ಲಿ ಇರ್ತಿಯಲ್ಲ ಅನಸೂಯಾ," ಎಂದ. "ನನಗೆ ಅಷ್ಟು ಸಾಕು."