ಸಾಹೇಬರ ಕರಿ ಪದಕ

ನೆಹೆಮಿಯಾ ಮಾಸ್ತರರು ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದಾಗ ಕಾಲಲ್ಲಿ ಮನೆಯೊಳಗೆ ಹಾಕುವ ಹವಾಯಿ ಚಪ್ಪಲಿ. ಹುಬ್ಬಳ್ಳಿ ಕಮರಿಪೇಟೆಯಲ್ಲಿ ಬೆಳ್ಳಿ ಬಂಗಾರದ ಕೆಲಸ ಮಾಡುವ ಪತ್ತಾರ ಯಲ್ಲೇಶನಿಗೆ ಏಳು ಸಲ ಫೋನ್ ಹಚ್ಚಿದ್ದರು. ಪುಣ್ಯಾತ್ಮ ಎತ್ತಿರಲಿಲ್ಲ. ಎಪ್ಪತ್ತಾರರ ಮುದುಕ ಹೀಗೆ ಓಡಿದರೆ ಮಾಳಮಡ್ಡಿಯ ಮಂದಿ ಏನಂದಾರು? ಅನ್ನಲಿ ಬಿಡಿ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಅಡಿಗೆ ಇನ್ನೂ ಪೂರಾ ಕೆಟ್ಟಿಲ್ಲ ಎಂಬ ಆಸೆಯೊಂದಿತ್ತು.

ಆಗಿದ್ದಿಷ್ಟು. ಮಾಸ್ತರರ ಮನೆಯ ಗೋಡೆಗೆ ಗಾಜಿನ ಚೌಕಟ್ಟಿನಲ್ಲಿ ನಾಲ್ಕು ಪದಕ, ಬ್ರಿಟಿಷರ ಕಾಲದ ಮೇಜರ್ ಹಾಲ್ಫರ್ಡ್ ಸಾಹೇಬರವು. ಸಾಹೇಬರು ದಂಡಿನ ಸರಬರಾಜು ಅಧಿಕಾರಿ. ಹಿಟ್ಟು, ತುಪ್ಪ, ಹುಲ್ಲು, ಹೇಸರಗತ್ತೆಗಳನ್ನು ಚೀನಾಕ್ಕೂ ಟಿಬೆಟ್ಟಿಗೂ ಮುಟ್ಟಿಸಿಯೇ ಎದೆ ತುಂಬ ಪದಕ ಮಾಡಿಕೊಂಡವರು. ಒಂದು ಗುಂಡು ಹಾರಿಸಿದ ಸುದ್ದಿಯಿಲ್ಲ. ನಗಬೇಡಿ, ಹೊಟ್ಟೆಗಿಲ್ಲದಿದ್ದರೆ ಯಾವ ಶೂರನ ಬಂದೂಕೂ ಏಳುವುದಿಲ್ಲ. ಕೊನೆಗಾಲಕ್ಕೆ ಧಾರವಾಡದಲ್ಲಿ ಬಂಗಲೆ ಹಿಡಿದು, ಹೆಂಡತಿ ಮಕ್ಕಳಿಲ್ಲದೆ ತೀರಿಕೊಂಡಾಗ, ಅವರ ಟ್ರಂಕು ಆಳಿನ ಪಾಲಿಗೆ ಬಂತು. ಸಾಹೇಬರ ಹಿಂದೆ ಹೇಸರಗತ್ತೆ ಹೊಡೆಯುತ್ತ ಟಿಬೆಟ್ಟಿನ ತನಕ ಹೋಗಿ ಬಂದ ಆ ಆಳು ಮಾಸ್ತರರ ಅಜ್ಜ.

ಅಜ್ಜನ ಹೆಸರೂ ನೆಹೆಮಿಯಾ. ಅದು ಟಿಬೆಟ್ಟಿನಿಂದ ಮರಳಿದ ಮೇಲೆ ದೀಕ್ಷಾಸ್ನಾನದಲ್ಲಿ ಇಟ್ಟದ್ದು. ಅದಕ್ಕೂ ಮೊದಲು ಅವನನ್ನು ಏನಂತ ಕರೆಯುತ್ತಿದ್ದರು, ಯಾವ ಊರು, ಯಾರ ಮಗ? ಚರ್ಚಿನ ರಿಜಿಸ್ಟರನ್ನು ಮಾಸ್ತರರು ಎಷ್ಟೋ ಸಲ ತಿರುವಿ ಹಾಕಿದ್ದರು, ಒಂದಕ್ಷರ ಸಿಕ್ಕಿರಲಿಲ್ಲ. ಕೇಳಿದವರಿಗೆ ಅಜ್ಜ, ಹಳೆಯದು ನೀರಲ್ಲಿ ಹೋಯಿತು ಅಂದು ನಕ್ಕುಬಿಡುತ್ತಿದ್ದನಂತೆ. ಮಾಸ್ತರರ ಹೆಂಡತಿ ಫ್ಲೋರೆನ್ಸಳ ತವರಿನವರು ಕೂತು ಏಳು ತಲೆಮಾರು ಎಣಿಸುವಾಗ ಇವರದು ಎರಡಕ್ಕೇ ಮುಗಿಯುತ್ತಿತ್ತು. ಎದ್ದು ಅಂಗಳದಲ್ಲಿ ಅಡ್ಡಾಡುತ್ತಿದ್ದರು. ಹೆಸರು ಗೊತ್ತಿಲ್ಲದವನ ಮೊಮ್ಮಗ ತಾನು ಎಂಬ ಸಂಕಟ ಅವರಿಗೆ ಈ ವಯಸ್ಸಿನಲ್ಲೂ ಹೋಗಿರಲಿಲ್ಲ.

ಬರುವ ರವಿವಾರ ಚರ್ಚಿನಲ್ಲಿ ಸಾಹೇಬರ ಬಗ್ಗೆ ಮಾಸ್ತರರದೇ ಭಾಷಣ. ನಾಲ್ಕು ಪದಕಗಳಲ್ಲಿ ಎರಡರ ಮೇಲೆ ಒಂದೇ ಚಿತ್ರ, ಟಿಬೆಟ್ಟಿನ ಗುಡ್ಡದ ಮೇಲಿನ ಕೋಟೆ. ಒಂದು ಬೆಳ್ಳಿಯದು, ಇನ್ನೊಂದು ಕರಿ ಬಣ್ಣದ್ದು. ಸಾಹೇಬರು ಡಬಲ್ ಶೂರರು, ಅದಕ್ಕೇ ಸರಕಾರ ಎರಡು ಸಲ ಕೊಟ್ಟಿತು ಎಂದು ಮಾಸ್ತರರು ಸಾಲಿ ಮಕ್ಕಳಿಗೆ ಜೀವಮಾನವಿಡೀ ಬಾಯಿ ತುಂಬ ಹೇಳಿದ್ದರು. ಎಂಥ ಜಾಣತನ ನೋಡಿ! ಸಾಲದ್ದಕ್ಕೆ, ಜೋಡಿ ಒಪ್ಪಲೆಂದು ಕರಿಯದನ್ನು ತಿಕ್ಕಿ ಬೆಳ್ಳಿ ನೀರು ಹಾಕಲು ನಿನ್ನೆ ಯಲ್ಲೇಶನ ಕೈಗೆ ಕೊಟ್ಟು ಬಂದಿದ್ದರು.

ಇವತ್ತು ಮುಂಜಾನೆ ಮೊಮ್ಮಗಳು ಸ್ವೀಟಿ ಭಾಷಣ ಟೈಪು ಮಾಡುತ್ತ ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಒಂದೇ ದಂಡಯಾತ್ರೆಗೆ ಯಾರಿಗೂ ಎರಡು ಕೊಡುತ್ತಿರಲಿಲ್ಲವಂತೆ. ಅಧಿಕಾರಿಗಳಿಗೆ, ಸಿಪಾಯಿಗಳಿಗೆ ಬೆಳ್ಳಿ. ಹೊರೆ ಹೊತ್ತ ಕೂಲಿಗಳಿಗೆ, ಹೇಸರಗತ್ತೆ ಹೊಡೆದವರಿಗೆ ಕಂಚು. ಪಡೆದವರ ಹೆಸರು ಅಂಚಿನ ಮೇಲೆ ಕೊರೆದಿರುತ್ತದಂತೆ. ಬೆಳ್ಳಿಯದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ, ಹೌದು, ಹಾಲ್ಫರ್ಡ್ ಎಂದಿತ್ತು.

"ಅಜ್ಜಾ, ಕರೀದು ಸಾಹೇಬ್ರದಲ್ಲ. ನಿಮ್ಮಜ್ಜಂದು," ಅಂದಳು ಸ್ವೀಟಿ. "ಅವರ ಹಳೇ ಹೆಸರು ಅದರ ಮ್ಯಾಲೆ ಇರಬೇಕು."

ಮಾಸ್ತರರು ಅಂಗಿಯ ಗುಂಡಿ ಹಾಕಿಕೊಳ್ಳದೆ ಹೊರಟದ್ದು ಆವಾಗ.

ಚಿಗರಿಗೆ ಅಂತಲೇ ಬೇರೆ ರಸ್ತೆಯಿದೆ, ಅಡ್ಡ ಬರುವವರಿಲ್ಲ. ಆದರೂ ಅದು ನವಲೂರಿನಲ್ಲಿ ನಿಂತಿತು, ಉಣಕಲ್ಲಿನಲ್ಲಿ ನಿಂತಿತು, ನಿಂತಲ್ಲೆಲ್ಲ ಮಾಸ್ತರರೂ ಎದ್ದು ನಿಂತರು. ಕಂಡಕ್ಟರಿಲ್ಲದ ಬಸ್ಸಿನಲ್ಲಿ ಯಾರನ್ನು ಬೈಯುವುದು? ತಮ್ಮನ್ನೇ ಬೈದುಕೊಂಡರು. ಪ್ರತಿ ಈಸ್ಟರಿಗೆ ಗಾಜು ಒರೆಸಿದ ಕೈ ಒಂದು ಸಲವಾದರೂ ಪದಕ ತಿರುಗಿಸಿ ನೋಡಿರಲಿಲ್ಲ. ಎಲ್ಲವೂ ದೊಡ್ಡವರದೇ ಇರಬೇಕು ಎಂದು ನಂಬಿದ ಕೈ ಅದು. ಹುಬ್ಬಳ್ಳಿಯಲ್ಲಿ ಇಳಿದು ಆಟೋ ಹಿಡಿದು ಕಮರಿಪೇಟೆ ಮುಟ್ಟುವಷ್ಟರಲ್ಲಿ ಬೆನ್ನೆಲ್ಲ ಬೆವರು.

ಅಂಗಡಿಯಲ್ಲಿ ಕರೆಂಟಿರಲಿಲ್ಲ. ಯಲ್ಲೇಶ ಪಾಲೀಶಿನ ಗಾಲಿಯ ಮುಂದೆ ಕೂತು ರಟ್ಟಿನ ಪುಟ್ಟಾದಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಗಾಲಿಯ ಸದ್ದಿಗೆ ಫೋನ್ ಕೇಳಲಿಲ್ಲ ಎಂದು ಸಮಜಾಯಿಷಿ ಹೇಳಿ, ಖುಷಿಯಿಂದ ಪದಕ ಮುಂದೆ ಚಾಚಿದ. ಕಂಚು ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

"ಅಂಚು ಬೆರಳಿಗೆ ಒರಟ ಹತ್ತತಿತ್ತರಿ, ಮೊದಲ ಅದನ್ನ ಸಾಪ ಮಾಡೀನಿ. ಕರೆಂಟ್ ಹೋತು, ಇಲ್ಲಾಂದ್ರ ಪೂರಾ ಆಗತಿತ್ತು."

ಮಾಸ್ತರರು ಅವನ ಕಣ್ಣುಗಾಜು ಕಸಿದುಕೊಂಡು ಅಂಚನ್ನು ಬೆಳಕಿಗೆ ಹಿಡಿದರು. ಸುತ್ತೆಲ್ಲ ನುಣ್ಣಗಾಗಿತ್ತು. ಕೊನೆಗೆ ಬೆರಳಗಲದ ಜಾಗ ಮಾತ್ರ ಕಪ್ಪಗೆ ಉಳಿದಿತ್ತು. ಅದರಲ್ಲಿ ಸರಬರಾಜು ಪಡೆಯ ಹೆಸರು ಸ್ಪಷ್ಟವಾಗಿತ್ತು. ಅದಕ್ಕೂ ಮುಂಚೆ, ಅಳಿಸಿಹೋದ ಹೆಸರಿನ ಬಾಲದ ಹಾಗೆ, ಇಂಗ್ಲಿಷಿನ ಮೂರಕ್ಷರ: ಪಿ, ಪಿ, ಎ.

"…ಪ್ಪ," ಎಂದು ಮಾಸ್ತರರು ಜೋರಾಗಿಯೇ ಓದಿದರು.

ಶಿದ್ದಪ್ಪ, ನಿಂಗಪ್ಪ, ಯಲ್ಲಪ್ಪ, ಫಕ್ಕೀರಪ್ಪ. ಈ ಸೀಮೆಯಲ್ಲಿ ಕಲ್ಲೆಸೆದರೆ ಒಬ್ಬ ಅಪ್ಪನಿಗೇ ಬೀಳುತ್ತದೆ. ಮಾಸ್ತರರು ಮೋಟು ಸ್ಟೂಲಿನ ಮೇಲೆ ಕುಸಿದು ಕೂತರು, ನಾಚಿಕೆ ಬಿಟ್ಟು ಅತ್ತರು. ಯಲ್ಲೇಶ ಗಾಬರಿಯಾಗಿ ನೀರು ತಂದುಕೊಟ್ಟು ಏನಾಯಿತೆಂದು ಕೇಳಿದ. ಇದು ನಮ್ಮಜ್ಜನದು, ಹೆಸರು ಇದರ ಮೇಲಿತ್ತು ಎಂದರು.

ಯಲ್ಲೇಶನಿಗೆ ಅರ್ಥವೇ ಆಗಲಿಲ್ಲ. "ನಿಮ್ಮಜ್ಜಾರ ಹೆಸರು ನಿಮಗ ಗೊತ್ತಿಲ್ಲೇನ್ರಿ, ಮಾಸ್ತರ?"

"ನನಗ ಗೊತ್ತಿಲ್ಲಪಾ. ಇದಕ್ಕೊಂದಕ್ಕ ಗೊತ್ತಿತ್ತು."

ಅಷ್ಟೊತ್ತಿಗೆ ಕರೆಂಟ್ ಬಂತು. ಆರಿಸದೆ ಬಿಟ್ಟಿದ್ದ ಗಾಲಿ ತಾನಾಗಿಯೇ ತಿರುಗತೊಡಗಿತು. ಯಲ್ಲೇಶ ಲಗುಬಗೆಯಿಂದ ಎದ್ದು ಬಟನ್ ಒತ್ತಿ ನಿಲ್ಲಿಸಿದ.